ಮಡಕೆಯಲ್ಲಿ ಉಳಿದ ಸಾಮ್ರಾಜ್ಯ



ರೇಡಿಯೋದಲ್ಲಿ ಮಾತಾಡುವಾಗ ಒಂದು ಕಣ್ಣು ಗಡಿಯಾರದ ಮೇಲೇ ಇರಬೇಕು. ಎರಡು ಹಾಡುಗಳ ನಡುವೆ ಮೂರು ನಿಮಿಷ ಸಿಕ್ಕರೆ ಅದೇ ಹೆಚ್ಚು. ಈ ಪುಟದಲ್ಲಿ ಆ ಅವಸರವಿಲ್ಲ. ಹಾಗಾಗಿ ಈ ಸಲ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ, ಚೀನಾದ ಶಿಯಾನ್ ಎಂಬ ಊರಿಗೆ.

ಚೀನಾದ ಚಕ್ರವರ್ತಿಗಳು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬೀಜಿಂಗ್. ಕೆಂಪು ಗೋಡೆ, ಹಳದಿ ಹೆಂಚಿನ ಅರಮನೆ, ಮಹಾಗೋಡೆ. ಆದರೆ ಬೀಜಿಂಗ್ ರಾಜಧಾನಿಯಾದದ್ದು ಚೀನಾದ ಇತಿಹಾಸದಲ್ಲಿ ಬಹಳ ತಡವಾಗಿ. ಅದಕ್ಕೂ ಮೊದಲು ಝೌ, ಚಿನ್, ಹಾನ್, ತಾಂಗ್ ಮುಂತಾದ ವಂಶಗಳು ಶಾನ್‌ಶಿ ಪ್ರಾಂತ್ಯದಲ್ಲಿ, ಇಂದಿನ ಶಿಯಾನ್ ನಗರದ ಸುತ್ತಮುತ್ತಲೇ ಆಳಿದವು. ತಾಂಗ್ ಅರಸರ ಕಾಲದಲ್ಲಿ ಈ ಊರಿಗೆ ಚಾಂಗ್‌ಆನ್ ಎಂದು ಹೆಸರು. ಸುಮಾರು 84 ಚದರ ಕಿಲೋಮೀಟರ್ ಹರಡಿದ್ದ, ಚದುರಂಗದ ಹಾಸಿನಂತೆ ನೂರಕ್ಕೂ ಹೆಚ್ಚು ಕೇರಿಗಳಾಗಿ ಹಂಚಿಹೋಗಿದ್ದ ಪಟ್ಟಣ ಅದು. ಪರ್ಷಿಯಾದ ವ್ಯಾಪಾರಿಗಳು, ಜಪಾನಿನ ವಿದ್ಯಾರ್ಥಿಗಳು, ಭಾರತದ ಭಿಕ್ಷುಗಳು ಎಲ್ಲರೂ ಅಲ್ಲಿ ಬಾಡಿಗೆ ಮನೆ ಹುಡುಕಿದವರೇ. ನಮ್ಮ ಮುಂಬಯಿಯ ಹಾಗೆ ಎನ್ನಿ.

ಅಷ್ಟು ದೊಡ್ಡ ಊರಿನ ಅರಮನೆ ಈಗ ಎಲ್ಲಿದೆ? ಇಲ್ಲ. 904ರಲ್ಲಿ ಝೂ ವೆನ್ ಎಂಬ ಸೇನಾಧಿಪತಿ ಚಕ್ರವರ್ತಿಯನ್ನು ಲುವೋಯಾಂಗ್ ನಗರಕ್ಕೆ ಎಳೆದೊಯ್ದಾಗ, ಚಾಂಗ್‌ಆನ್‌ನ ಅರಮನೆಗಳನ್ನೂ ಜನರ ಮನೆಗಳನ್ನೂ ಬಿಚ್ಚಿಸಿದ. ತೊಲೆ ಜಂತಿಗಳನ್ನು ವೇಯ್ ನದಿಯಲ್ಲಿ ತೇಲಿಬಿಟ್ಟು ಸಾಗಿಸಿದ. ಮರದ ಕಟ್ಟಡಗಳ ರಾಜಧಾನಿ ಹೀಗೆ ನೀರಿನ ಮೇಲೆ ಹೊರಟುಹೋಯಿತು. ನೆಲದ ಮೇಲೆ ಉಳಿದದ್ದು ಒಂದೆರಡು ಇಟ್ಟಿಗೆಯ ಪಗೋಡಗಳು, ಮಣ್ಣಿನ ದಿಬ್ಬಗಳು, ಸಮಾಧಿಗಳು. ಉಳಿದದ್ದೆಲ್ಲ ನೆಲದ ಕೆಳಗೆ.

ಆ ನೆಲದ ಕೆಳಗಿನದನ್ನು ಕಾಪಾಡಿಕೊಂಡಿರುವ ಮನೆಯೇ ಶಾನ್‌ಶಿ ಇತಿಹಾಸ ವಸ್ತುಸಂಗ್ರಹಾಲಯ. 1973ರಲ್ಲಿ ಶಿಯಾನಿಗೆ ಬಂದಿದ್ದ ಪ್ರಧಾನಿ ಝೌ ಎನ್‌ಲಾಯ್, ಇಂಥ ಸಂಪತ್ತಿಗೆ ತಕ್ಕ ಹೊಸ ಕಟ್ಟಡ ಬೇಕು ಎಂದು ಸೂಚಿಸಿದರು. ಅಲ್ಲಿಯವರೆಗೆ ಪ್ರಾಂತ್ಯದ ಪ್ರಾಚೀನ ವಸ್ತುಗಳೆಲ್ಲ ಹಳೆಯ ಕನ್‌ಫ್ಯೂಶಿಯಸ್ ದೇವಾಲಯವೊಂದರಲ್ಲಿ ಇಕ್ಕಟ್ಟಿನಲ್ಲಿದ್ದವು. ಹೊಸ ಕಟ್ಟಡದ ಬಾಗಿಲು ತೆರೆದದ್ದು 1991ರ ಜೂನ್ 20ರಂದು. ಬಾಗಿಲು ತೆರೆದ ಕಾಲಕ್ಕೇ ಅಲ್ಲಿದ್ದ ವಸ್ತುಗಳನ್ನು ಲಕ್ಷಗಳಲ್ಲಿ ಎಣಿಸಬೇಕಿತ್ತು. 2024ರಲ್ಲಿ ಚಿನ್ ಮತ್ತು ಹಾನ್ ಕಾಲದ ವಸ್ತುಗಳಿಗಾಗಿ ಅದರ ಇನ್ನೊಂದು ಶಾಖೆಯೂ ಶುರುವಾಯಿತು.

ಕಟ್ಟಡದ ವಿನ್ಯಾಸ ಮಾಡಿದವರು ಝಾಂಗ್ ಜಿನ್‌ಚಿಯು ಎಂಬ ಮಹಿಳೆ. ತಾಂಗ್ ಅರಮನೆಯ ಅಗಲವಾದ ಚಾವಣಿ, ನಡುವೆ ದೊಡ್ಡ ಸಭಾಂಗಣ, ನಾಲ್ಕು ಮೂಲೆಗೆ ನಾಲ್ಕು ಮಂಟಪಗಳು, ಎಲ್ಲವೂ ರಾಜಯೋಗ್ಯವೇ. ಆದರೆ ಬಣ್ಣ ಮಾತ್ರ ಬೂದು, ಬಿಳಿ, ಕಪ್ಪು. ಅರಮನೆಯ ಕೆಂಪು ಹಳದಿ ಅಲ್ಲಿಲ್ಲ. ಆಕಾರ ಅರಸನದು, ಬಣ್ಣ ಪ್ರಜೆಯದು. ಒಳಗಿರುವ ವಸ್ತುಗಳ ಕಥೆ ಕೇಳಿದರೆ ಈ ಆಯ್ಕೆ ಎಷ್ಟು ಸರಿ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಶಾಲೆಯಿಂದ ಬರುವ ದಾರಿಯಲ್ಲಿ

ಮೊದಲ ಕಥೆ 1968ರದು. ಆಗ ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿಯ ಬಿಸಿ. ಹಳೆಯದೆಲ್ಲ ಕೆಟ್ಟದ್ದು ಎಂದು ದೇವಾಲಯಗಳನ್ನು, ಪುಸ್ತಕಗಳನ್ನು, ವಿಗ್ರಹಗಳನ್ನು ನಾಶ ಮಾಡುತ್ತಿದ್ದ ದಿನಗಳು. ಶಿಯಾನಿನ ಹತ್ತಿರದ ಶಿಯಾನ್‌ಯಾಂಗ್ ಕಡೆಯ ಒಂದು ಹಳ್ಳಿಯಲ್ಲಿ ಹುಡುಗನೊಬ್ಬ ಶಾಲೆ ಮುಗಿಸಿ ಮನೆಗೆ ಬರುತ್ತಿದ್ದ. ಕಾಲುವೆಯ ಬದಿಯ ಮಣ್ಣಿನಲ್ಲಿ ಏನೋ ಬೆಳ್ಳಗೆ ಹೊಳೆಯಿತು. ಕೆದಕಿ ತೆಗೆದರೆ ಒಂದು ಪುಟ್ಟ ಕಲ್ಲು. ಮೇಲೆ ಹುಲಿಯಂಥ ಪ್ರಾಣಿ ಮುದುರಿ ಕೂತಿದೆ. ಕೆಳಗೆ ನಾಲ್ಕು ಅಕ್ಷರ.

ಆ ಅಕ್ಷರಗಳ ಅರ್ಥ ಇಷ್ಟೇ: ಮಹಾರಾಣಿಯ ಮುದ್ರೆ. ಬಿಳಿಯ ಜೇಡ್ ಕಲ್ಲಿನ ಈ ಮುದ್ರೆಯ ಒಂದೊಂದು ಬದಿ 2.8 ಸೆಂಟಿಮೀಟರ್, ತೂಕ 33 ಗ್ರಾಂ. ಒಂದು ಚಕ್ಕುಲಿಯಷ್ಟೂ ಇಲ್ಲ! ಅದು ಸಿಕ್ಕ ಜಾಗದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಹಾನ್ ವಂಶದ ಮೊದಲ ಚಕ್ರವರ್ತಿ ಲಿಯು ಬಾಂಗ್ ಮತ್ತು ಅವನ ರಾಣಿ ಲ್ಯೂ ಅವರ ಸಮಾಧಿಗಳಿವೆ. ಗಂಡ ಸತ್ತ ಮೇಲೆ ಸುಮಾರು ಹದಿನೈದು ವರ್ಷ, ಕ್ರಿಸ್ತಪೂರ್ವ 180ರವರೆಗೆ, ಇಡೀ ಸಾಮ್ರಾಜ್ಯವನ್ನು ಕೈಯಲ್ಲಿಟ್ಟುಕೊಂಡಿದ್ದ ಹೆಂಗಸು ಅವಳು. ಮುದ್ರೆ ಅವಳದೇ ಇರಬೇಕು ಎಂದು ಅನೇಕರ ಊಹೆ. ಅವಳ ನಂತರದ ಯಾವುದೋ ರಾಣಿಯದು ಎನ್ನುವವರೂ ಇದ್ದಾರೆ.

ಹುಡುಗನ ತಂದೆ ಅದನ್ನು ಮಾರಲಿಲ್ಲ. ಹಳೆಯ ವಸ್ತು ಮನೆಯಲ್ಲಿದ್ದರೆ ಅಪಾಯ ಎಂದು ಬಾವಿಗೂ ಎಸೆಯಲಿಲ್ಲ. ಶಿಯಾನಿಗೆ ಹೋಗಿ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಂದ. ಹೋಗಿಬರುವ ಖರ್ಚಿಗೆಂದು ಅಲ್ಲಿಯವರು 20 ಯುವಾನ್ ಕೊಟ್ಟರಂತೆ. ಒಂದು ಕಡೆ ಓದಿದವರೇ ಗುಂಪುಗೂಡಿ ಒಡೆಯುತ್ತಿದ್ದರು. ಇನ್ನೊಂದು ಕಡೆ ಹಳ್ಳಿಯ ಒಬ್ಬ ಮನುಷ್ಯ ಜೇಬಿನಲ್ಲಿ ಸಾಮ್ರಾಜ್ಯವನ್ನಿಟ್ಟುಕೊಂಡು ಊರು ದಾಟಿ ಹೋಗುತ್ತಿದ್ದ. ಹಾನ್ ಕಾಲದ ಮಹಾರಾಣಿಯ ಜೇಡ್ ಮುದ್ರೆ ಎಂದು ನಮಗೆ ಸಿಕ್ಕಿರುವುದು ಇದೊಂದೇ.

ಎರಡು ಮಡಕೆ, ಒಂದು ಬೆಳ್ಳಿಯ ಗಡಿಗೆ

ಎರಡು ವರ್ಷ ಕಳೆಯಿತು. 1970ರ ಅಕ್ಟೋಬರ್. ಶಿಯಾನಿನ ದಕ್ಷಿಣ ಭಾಗದ ಹೆಜಿಯಾಚುನ್ ಎಂಬಲ್ಲಿ ಕಟ್ಟಡವೊಂದಕ್ಕೆ ಪಾಯ ತೋಡುತ್ತಿದ್ದರು. ಆಳು ಎತ್ತರವೂ ಅಗೆದಿರಲಿಲ್ಲ, ಗುದ್ದಲಿಗೆ ಮಡಕೆ ತಾಗಿತು. ಎರಡು ದೊಡ್ಡ ಮಣ್ಣಿನ ಮಡಕೆ, ಒಂದು ಬೆಳ್ಳಿಯ ಗಡಿಗೆ. ಅದರೊಳಗೆ ಸಾವಿರಕ್ಕೂ ಹೆಚ್ಚು ವಸ್ತುಗಳು. ಚಿನ್ನ ಬೆಳ್ಳಿಯವೇ 270 ದಾಟಿದ್ದವು. ತಾಂಗ್ ಕಾಲದ ಇಂಥ ನಿಧಿ ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ.

ಒಂದು ಅಗೇಟ್ ಕಲ್ಲಿನ ಬಟ್ಟಲು, ಆಕಾರ ಕೊಂಬಿನದು, ತುದಿಯಲ್ಲಿ ಜಿಂಕೆಯಂಥ ಮುಖ, ಮೂತಿಗೆ ಚಿನ್ನದ ಮುಚ್ಚಳ. ಇದು ಮಧ್ಯ ಏಷ್ಯಾ, ಪರ್ಷಿಯಾ ಕಡೆಯ ಕುಡಿಯುವ ಪಾತ್ರೆಯ ಮಾದರಿ. ಚೀನಾ ಸರಕಾರ 2002ರಲ್ಲಿ ದೇಶದಾಚೆ ಪ್ರದರ್ಶನಕ್ಕೆ ಕಳಿಸಲೇಬಾರದೆಂದು 64 ವಸ್ತುಗಳ ಪಟ್ಟಿ ಮಾಡಿದಾಗ ಈ ಬಟ್ಟಲೂ ಅದರಲ್ಲಿ ಸೇರಿತು. ಚಿನ್ನದ ಬೋಗುಣಿಗಳಿದ್ದವು, ಅವುಗಳ ಮೇಲೆ ಕಮಲದ ಎಸಳು, ಬಾತುಕೋಳಿ ಜೋಡಿ. ಔಷಧಿಗಳೂ ಇದ್ದವು: ಇಂಗಲೀಕ, ಸ್ಫಟಿಕ, ಚಿನ್ನದ ಪುಡಿ. ಎಷ್ಟು ತೂಕ, ಯಾವ ದರ್ಜೆ ಎಂದು ಬೆಳ್ಳಿಯ ಡಬ್ಬಿಗಳ ಮೇಲೆ ಶಾಯಿಯಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ನಮ್ಮ ಅಜ್ಜಿಯರು ಉಪ್ಪಿನಕಾಯಿ ಭರಣಿಗೆ ಚೀಟಿ ಕಟ್ಟುತ್ತಿದ್ದರಲ್ಲ, ಹಾಗೆ.

ಇನ್ನು ನಾಣ್ಯಗಳು. ಜಪಾನಿನ ಐದು ಬೆಳ್ಳಿ ನಾಣ್ಯ, ಬೈಜಾಂಟಿಯಂ ದೊರೆ ಹೆರಾಕ್ಲಿಯಸ್‌ನ ಒಂದು ಚಿನ್ನದ ನಾಣ್ಯ, ಪರ್ಷಿಯಾದ ಎರಡನೇ ಖುಸ್ರೋನ ಒಂದು ಬೆಳ್ಳಿ ನಾಣ್ಯ. ಹೆರಾಕ್ಲಿಯಸ್ ಮತ್ತು ಖುಸ್ರೋ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಮುಗಿಸಲು ಯುದ್ಧ ಮಾಡಿದವರು. ಇಬ್ಬರ ಮುಖವೂ ಕೊನೆಗೆ ಚಾಂಗ್‌ಆನ್‌ನ ಒಂದೇ ನಿಧಿಯೊಳಗೆ ತಣ್ಣಗೆ ಮಲಗಿತ್ತು.

ಹೂತಿಟ್ಟವನು ಯಾರು? 755ರಲ್ಲಿ ಆನ್ ಲುಶಾನ್ ಎಂಬ ದಂಡನಾಯಕ ದಂಗೆಯೆದ್ದ. ಮರುವರ್ಷ ಚಕ್ರವರ್ತಿಯೇ ರಾಜಧಾನಿ ಬಿಟ್ಟು ಓಡಿದ. ಆ ಗಡಿಬಿಡಿಯಲ್ಲಿ ರಾಜಮನೆತನದವರೊಬ್ಬರು ಹೂತಿಟ್ಟು ಹೋದರು ಎಂಬುದು ಮೊದಲ ವಾದ. ಇನ್ನೊಂದು ವಾದ 783ರ ದಂಗೆಯದು. ಕಂದಾಯದ ಅಧಿಕಾರಿ ಲಿಯು ಝೆನ್ ಎಂಬವನು ಸರಕಾರದ ಸಂಪತ್ತನ್ನು ಹೂತಿಟ್ಟು ಊರು ಬಿಡಲು ನೋಡಿದ, ಆಗಲಿಲ್ಲ, ದಂಗೆಕೋರರ ಜೊತೆ ಸೇರಿದ, ಅರಸ ಮರಳಿ ಬಂದಾಗ ತಲೆ ಕಳೆದುಕೊಂಡ ಎಂದು. ಯಾವುದೇ ನಿಜವಿರಲಿ, ಒಂದು ಮಾತು ಖಂಡಿತ. ಹೂತಿಟ್ಟವರು ನಾಳೆ ನಾಡಿದ್ದು ಬಂದು ತೆಗೆದುಕೊಳ್ಳುತ್ತೇವೆ ಎಂದೇ ಹೂತಿಟ್ಟರು. ಸಾವಿರದ ಇನ್ನೂರು ವರ್ಷ ಯಾರೂ ಬರಲಿಲ್ಲ.

ಕುಣಿದು ಸತ್ತ ಕುದುರೆಗಳು

ಆ ಮಡಕೆಗಳಲ್ಲಿದ್ದ ಒಂದು ಬೆಳ್ಳಿ ಹೂಜಿಯ ಬಗ್ಗೆ ನಿಮಗೆ ಹೇಳಲೇಬೇಕು. ಕುದುರೆ ಸವಾರರು ಸೊಂಟಕ್ಕೆ ಕಟ್ಟಿಕೊಳ್ಳುವ ಚರ್ಮದ ಚೀಲದ ಆಕಾರ ಅದಕ್ಕೆ. ಎರಡು ಬದಿಯಲ್ಲೂ ಚಿನ್ನದ ಲೇಪದ ಒಂದೊಂದು ಕುದುರೆ. ಹಿಂಗಾಲು ಮಡಿಸಿ ಕುಳಿತಿದೆ, ಕೊರಳಿಗೆ ಕಟ್ಟಿದ ಪಟ್ಟಿ ಹಾರುತ್ತಿದೆ, ಬಾಯಲ್ಲಿ ಬಟ್ಟಲು ಕಚ್ಚಿದೆ.

ಚಕ್ರವರ್ತಿ ಶ್ವಾನ್‌ಝೊಂಗ್‌ನ ಹುಟ್ಟುಹಬ್ಬಕ್ಕೆ ಕುದುರೆಗಳು ಕುಣಿಯುತ್ತಿದ್ದವು ಎಂದು ಹಳೆಯ ಚೀನೀ ಗ್ರಂಥಗಳು ಹೇಳುತ್ತವೆ. ಒಂದೆರಡಲ್ಲ, ನೂರಾರು. ರೇಷ್ಮೆ ಹೊದಿಸಿ, ಬಂಗಾರ ತೊಡಿಸಿ, ವಾದ್ಯಕ್ಕೆ ತಕ್ಕಂತೆ ಹೆಜ್ಜೆ ಹಾಕಲು ಕಲಿಸುತ್ತಿದ್ದರು. ಕೊನೆಗೆ ಬಾಯಲ್ಲಿ ಬಟ್ಟಲು ಹಿಡಿದು ಅರಸನಿಗೆ ನಮಸ್ಕರಿಸುತ್ತಿದ್ದವಂತೆ. ಇದೆಲ್ಲ ಕವಿಗಳ ಉತ್ಪ್ರೇಕ್ಷೆ ಎಂದುಕೊಂಡವರೂ ಇದ್ದರು. ಹೂಜಿ ಸಿಕ್ಕಿತು, ಮಾತು ನಿಂತಿತು.

ದಂಗೆಯಾದ ಮೇಲೆ ಆ ಕುದುರೆಗಳಲ್ಲಿ ಕೆಲವು ಕೈಯಿಂದ ಕೈಗೆ ಸಾಗಿ ತಿಯಾನ್ ಚೆಂಗ್ಸಿ ಎಂಬ ಸೇನಾನಿಯ ಲಾಯ ಸೇರಿದವು. ಅವು ಏನೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಯುದ್ಧದ ಕುದುರೆಗಳ ಜೊತೆ ಕಟ್ಟಿದ್ದರು. ಒಂದು ದಿನ ಸೈನಿಕರ ಔತಣ. ವಾದ್ಯ ಶುರುವಾಯಿತು. ಲಾಯದಲ್ಲಿದ್ದ ಕುದುರೆಗಳು ಕುಣಿಯತೊಡಗಿದವು. ದೆವ್ವ ಹಿಡಿದಿದೆ ಎಂದು ಆಳುಗಳು ಪೊರಕೆ ತೆಗೆದುಕೊಂಡು ಹೊಡೆದರು. ತಾಳ ತಪ್ಪಿತೇನೋ, ಅದಕ್ಕೇ ಹೊಡೆಯುತ್ತಿದ್ದಾರೆ ಎಂದುಕೊಂಡ ಕುದುರೆಗಳು ಇನ್ನೂ ಚೆನ್ನಾಗಿ ಕುಣಿದವು. ಇನ್ನೂ ಜೋರಾಗಿ ಹೊಡೆದರು. ಕೊನೆಗೆ ಲಾಯದಲ್ಲೇ ಸತ್ತುಬಿದ್ದವು. ಅವು ಯಾವ ಕುದುರೆಗಳೆಂದು ತಿಳಿದಿದ್ದ ಒಬ್ಬಿಬ್ಬರು ಅಲ್ಲಿದ್ದರಂತೆ. ಸೇನಾನಿಯ ಸಿಟ್ಟಿಗೆ ಹೆದರಿ ಬಾಯಿ ಬಿಡಲಿಲ್ಲ.

ಒಂದು ವಸ್ತುಸಂಗ್ರಹಾಲಯ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಕಥೆ ಹೇಳುತ್ತೇನೆ. ಆ ಆಳುಗಳು ದುಷ್ಟರಲ್ಲ. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿದ್ದವರು ಹೇಳಲಿಲ್ಲ.

ಗೋಡೆಯಿಂದ ಇಳಿದ ಚಿತ್ರಗಳು

ಈ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಇನ್ನೊಂದು ಸಂಪತ್ತಿದೆ, ತಾಂಗ್ ಸಮಾಧಿಗಳ ಭಿತ್ತಿಚಿತ್ರಗಳು. ಇಪ್ಪತ್ತಕ್ಕೂ ಹೆಚ್ಚು ಸಮಾಧಿಗಳಿಂದ ತಂದ ಸುಮಾರು 600 ತುಂಡುಗಳು. ಇಟಲಿ ಸರಕಾರದ ಸಹಕಾರದಿಂದ ಸಿದ್ಧವಾದ ಇವುಗಳ ವಿಶೇಷ ಸಭಾಂಗಣ 2011ರಲ್ಲಿ ತೆರೆಯಿತು.

ಒಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸವಾರರು ಪೋಲೋ ಆಡುತ್ತಿದ್ದಾರೆ. ಇನ್ನೊಂದರಲ್ಲಿ ತಾಂಗ್ ಅಧಿಕಾರಿಗಳ ಜೊತೆ ಪರದೇಶದ ರಾಯಭಾರಿಗಳು ನಿಂತಿದ್ದಾರೆ. ಒಬ್ಬ ಬೋಳುತಲೆಯ ಉದ್ದಮೂಗಿನವನು, ಒಬ್ಬ ಗರಿಯ ಟೋಪಿಯವನು. ಇವೆರಡೂ ರಾಜಕುಮಾರ ಝಾಂಗ್‌ಹುವಾಯ್‌ನ ಸಮಾಧಿಯವು. ನೋಡಿದರೆ ಹಬ್ಬದ ವಾತಾವರಣ. ಆದರೆ ಸಮಾಧಿಯ ಒಡೆಯನ ಕಥೆ ಬೇರೆಯೇ ಇದೆ. ಅವನ ತಾಯಿ ವೂ ಝೆತಿಯಾನ್, ಚೀನಾದ ಇತಿಹಾಸದಲ್ಲಿ ಸ್ವತಃ ಚಕ್ರವರ್ತಿಯ ಪದವಿ ಏರಿದ ಒಬ್ಬಳೇ ಹೆಂಗಸು. ಗಡಿಪಾರಾಗಿದ್ದ ಈ ಮಗ 684ರಲ್ಲಿ ಪ್ರಾಣ ಕಳೆದುಕೊಳ್ಳಬೇಕಾಯಿತು. ಅವಳ ಮೊಮ್ಮಕ್ಕಳಾದ ರಾಜಕುಮಾರ ಯಿದೆ ಮತ್ತು ರಾಜಕುಮಾರಿ ಯೊಂಗ್‌ತಾಯ್ ಸತ್ತದ್ದು 701ರಲ್ಲಿ. ಅಜ್ಜಿಯ ಮೆಚ್ಚಿನವರ ಬಗ್ಗೆ ಗುಟ್ಟಾಗಿ ಮಾತಾಡಿದ್ದಕ್ಕೆ ಸಿಕ್ಕ ಶಿಕ್ಷೆ ಎಂದು ಅಧಿಕೃತ ಇತಿಹಾಸ ಹೇಳುತ್ತದೆ. ರಾಜಕುಮಾರಿಯ ಸಮಾಧಿಶಾಸನ ಮಾತ್ರ ಬಸುರಿನ ತೊಂದರೆಯ ಕಡೆ ಬೆರಳು ತೋರಿಸುತ್ತದೆ. ಅವಳಿಗೆ ಆಗ ಹದಿನೇಳು.

ಅಜ್ಜಿ ತೀರಿಕೊಂಡ ಮೇಲೆ, 706ರಲ್ಲಿ, ಮೂವರನ್ನೂ ತಂದು ರಾಜಮರ್ಯಾದೆಯಿಂದ ಮತ್ತೆ ಸಮಾಧಿ ಮಾಡಿದರು. ಬದುಕಿದ್ದಾಗ ಸಿಗದ ಅರಮನೆಯನ್ನು ಗೋಡೆಯ ಮೇಲೆ ಬರೆಸಿದರು. ಕೋಟೆಯ ಬುರುಜು, ದಾಸಿಯರು, ಬೇಟೆ, ಆಟ.

1960ರ ದಶಕದಿಂದ ಒಂದೊಂದಾಗಿ ಸಮಾಧಿ ತೆರೆದಾಗ ಗಾಳಿ ತಾಗಿ, ತೇವ ಏರಿ, ಚಿತ್ರಗಳು ಕಣ್ಣೆದುರೇ ಕೆಡುವ ಅಪಾಯವಿತ್ತು. ಹಾಗಾಗಿ ಅವನ್ನು ಗೋಡೆಯಿಂದ ಬಿಡಿಸಿದರು. ಚಿತ್ರದ ಮೇಲೆ ಅಂಟು ಹಚ್ಚಿ ಬಟ್ಟೆ ಅಂಟಿಸುವುದು, ಹಿಂದಿನ ಗಾರೆಯ ಪದರವನ್ನು ತೆಳ್ಳಗೆ ಕೊಯ್ಯುವುದು, ಹಲಗೆಗೆ ಆನಿಸಿ ಇಳಿಸುವುದು, ಹಿಂಬದಿಗೆ ಹೊಸ ಆಧಾರ ಕೊಟ್ಟು ಮುಂದಿನ ಬಟ್ಟೆ ಬಿಡಿಸುವುದು. ಕೈ ಒಂದಿಷ್ಟು ನಡುಗಿದರೂ ಹದಿಮೂರು ನೂರು ವರ್ಷ ಪುಡಿಯಾಗುತ್ತದೆ.

ನಮಗೂ ಇದಕ್ಕೂ ಏನು ಸಂಬಂಧ?

ನೀವು ಹೀಗೆ ಕೇಳುತ್ತೀರಿ ಎಂದು ಗೊತ್ತು. ಸಂಬಂಧ ಇದೆ. ಈ ಸಂಗ್ರಹಾಲಯದಿಂದ ಸುಮಾರು ಒಂದು ಕಿಲೋಮೀಟರ್ ನಡೆದರೆ ದೊಡ್ಡ ಕಾಡುಬಾತಿನ ಪಗೋಡ ಸಿಗುತ್ತದೆ. 652ರಲ್ಲಿ ಅದನ್ನು ಕಟ್ಟಿಸಿದ್ದು ಭಾರತದಿಂದ ತಂದ ಗ್ರಂಥಗಳನ್ನು ಇಡಲಿಕ್ಕೆ. ತಂದವರು ಶ್ವಾನ್‌ಜಾಂಗ್, ಅಂದರೆ ನಾವು ಶಾಲೆಯ ಪುಸ್ತಕದಲ್ಲಿ ಹ್ಯುಯೆನ್ ತ್ಸಾಂಗ್ ಎಂದು ಬಾಯಿಪಾಠ ಮಾಡಿದವರು. ಅವರು 657 ಗ್ರಂಥಗಳನ್ನು ಹೊತ್ತು ಚಾಂಗ್‌ಆನ್‌ಗೆ ಮರಳಿದ್ದು 645ರಲ್ಲಿ.

ಅದಕ್ಕೆ ಕೆಲವೇ ವರ್ಷ ಮೊದಲು ಅವರು ಇಮ್ಮಡಿ ಪುಲಕೇಶಿಯ ನಾಡಿನಲ್ಲಿ ಓಡಾಡಿದ್ದರು. ಇಲ್ಲಿಯ ಜನ ಸ್ವಾಭಿಮಾನಿಗಳು, ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದಿಲ್ಲ ಎಂದು ಬರೆದಿಟ್ಟರು. ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸುತ್ತಾರೆ ಎಂದರು. ಉತ್ತರದ ಹರ್ಷನಿಗೆ ಈ ಅರಸನೊಬ್ಬ ಮಣಿಯಲಿಲ್ಲ ಎಂದೂ ದಾಖಲಿಸಿದರು. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ 634ರಲ್ಲಿ ಕೆತ್ತಿಸಿದ ಮಾತಿಗೆ ಚಾಂಗ್‌ಆನ್‌ನಲ್ಲಿ ಕುಳಿತ ಸಾಕ್ಷಿ ಸಿಕ್ಕಿತು. ಅವರು ತಮ್ಮ ಪ್ರವಾಸ ಕಥನವನ್ನು ಹೇಳಿ ಬರೆಸಿ ಮುಗಿಸಿದ್ದು 646ರಲ್ಲಿ. ಅಷ್ಟರಲ್ಲಿ ಪಲ್ಲವರು ಬಾದಾಮಿಯನ್ನು ಹಿಡಿದಾಗಿತ್ತು, ಪುಲಕೇಶಿ ಬದುಕಿರಲಿಲ್ಲ.

ಮಡಕೆಯ ನಿಧಿಯಲ್ಲಿದ್ದ ಖುಸ್ರೋನ ನಾಣ್ಯ ನೆನಪಿದೆಯೇ? ಆ ಖುಸ್ರೋನಿಗೆ ಭಾರತದ ಅರಸನೊಬ್ಬ ಪತ್ರ, ಕಾಣಿಕೆ ಕಳಿಸಿದ ಮಾತು ತಬರಿ ಎಂಬ ಇತಿಹಾಸಕಾರನ ಅರಬ್ಬಿ ಗ್ರಂಥದಲ್ಲಿದೆ. ಆ ಅರಸ ಪುಲಕೇಶಿಯೇ ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ, ಒಪ್ಪದವರೂ ಇದ್ದಾರೆ. ಬಾದಾಮಿ, ಪರ್ಷಿಯಾ, ಚಾಂಗ್‌ಆನ್ ಒಂದೇ ಕಾಲದಲ್ಲಿ ಒಂದರ ಸುದ್ದಿ ಒಂದಕ್ಕೆ ಗೊತ್ತಿದ್ದ ಊರುಗಳು ಎಂಬುದಂತೂ ಸುಳ್ಳಲ್ಲ.

ಇನ್ನೊಂದು ಮಾತು. ನಾನು ಹೇಳಿದ ಈ ವಸ್ತುಗಳು ಶಾನ್‌ಶಿಯಲ್ಲೇ ಉಳಿದಿವೆ. ಮುದ್ರೆ ಸಿಕ್ಕ ಕಾಲುವೆ, ಮಡಕೆ ಸಿಕ್ಕ ಪಾಯ, ಚಿತ್ರ ಇಳಿಸಿದ ಸಮಾಧಿ, ಎಲ್ಲಕ್ಕೂ ಸಂಗ್ರಹಾಲಯದಿಂದ ಒಂದು ದಿನದಲ್ಲಿ ಹೋಗಿಬರಬಹುದು. ನಮ್ಮ ಕಥೆ ಹಾಗಿಲ್ಲ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿ ಐಹೊಳೆಯ ಬ್ರಹ್ಮನನ್ನು ನೋಡಿರಬಹುದು. ಚಾಲುಕ್ಯರ ಗುಡಿಯ ಚಾವಣಿಯಲ್ಲಿದ್ದವನು. ಐಹೊಳೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಹಾಗಾಗಿ ಮುಂಬಯಿಗೆ ಬಂದ. ನಿಮ್ಮ ಹಾಗೆ, ನಿಮ್ಮ ಅಪ್ಪ ಅಜ್ಜಂದಿರ ಹಾಗೆ ಊರು ಬಿಟ್ಟು ಬಂದವನು. ಇಲ್ಲಿ ಅವನು ಸುರಕ್ಷಿತವಾಗಿದ್ದಾನೆ, ಸಾವಿರಾರು ಜನ ನೋಡುತ್ತಾರೆ. ಆದರೆ ಅವನ ಗುಡಿ ಎಲ್ಲಿತ್ತು, ಚಾವಣಿಯಿಂದ ಅವನು ಕೆಳಗೆ ಯಾರನ್ನು ನೋಡುತ್ತಿದ್ದ ಎಂದು ಹೇಳಲು ಪಕ್ಕದಲ್ಲಿ ಯಾರಾದರೂ ಇರಬೇಕಲ್ಲ?

ಅಲ್ಲಿ ನಿಮ್ಮ ಪಾಲಿನ ಕೆಲಸ ಇದೆ ಎನ್ನುತ್ತೇನೆ. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಸಾಲಾರ್‌ಜಂಗ್‌ನಲ್ಲಿ ಇಟಲಿಯ ಮುಸುಕಿನ ರೆಬೆಕ್ಕಳನ್ನು ನೋಡಲು ಸಾಲು ನಿಲ್ಲುತ್ತೇವೆ, ನಿಲ್ಲಬೇಕಾದದ್ದೇ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ನಮ್ಮ ನಾಡಿನ ಕಲ್ಲಿನ ಮುಂದೆಯೂ ಐದು ನಿಮಿಷ ನಿಲ್ಲಿ. ಇದು ಯಾವ ಊರಿನದು, ಅಜ್ಜಿ ಮನೆಯಿಂದ ಎಷ್ಟು ದೂರ ಎಂದು ಮಕ್ಕಳಿಗೆ ಕನ್ನಡದಲ್ಲೇ ಹೇಳಿ. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯಲ್ಲಿ ತಾಳೆಗರಿ ಇದ್ದರೆ ರದ್ದಿಯವನಿಗೆ ಹಾಕುವ ಮುನ್ನ ತಿಳಿದವರೊಬ್ಬರಿಗೆ ತೋರಿಸಿ. ನಿಮಗೆ ಗೊತ್ತಿದ್ದು ಪಕ್ಕದವರಿಗೆ ಗೊತ್ತಿಲ್ಲದಿದ್ದರೆ ಸುಮ್ಮನಿರಬೇಡಿ.

ಚಾಂಗ್‌ಆನ್‌ನ ಚಕ್ರವರ್ತಿಗಳು ತಮ್ಮ ಅರಮನೆಗೆ ಕಾವಲಿಟ್ಟಿದ್ದರು. ಆ ಅರಮನೆ ನದಿಯಲ್ಲಿ ತೇಲಿಹೋಯಿತು. ಹುಡುಗನೊಬ್ಬ ಮಣ್ಣಿನಿಂದ ಎತ್ತಿಕೊಂಡದ್ದು ಉಳಿಯಿತು.

ಮತ್ತೆ ಗಾಳಿಯಲ್ಲಿ ಸಿಗೋಣ. ಕೇಳುತ್ತಿರಿ.